ಸಾರ್ವಕಾಲಿಕ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಯಾರು? ಬರೀ ದಾಖಲೆ ನೋಡಿ ಹೇಳಬಹುದೇ?

ಅಮೆರಿಕನ್ ಫುಟ್‌ಬಾಲ್ ನಾವು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಎಸೆಯುವ ಹೊಣೆ ಮುಖ್ಯವಾಗಿ ಕ್ವಾರ್ಟರ್‌ಬ್ಯಾಕ್‌ನದು. ಯಾರ ಹೆಸರಲ್ಲಿ ಹೆಚ್ಚು ಗಜಗಳಿವೆಯೋ ಅವರೇ ಶ್ರೇಷ್ಠ ಎಂಬ ನಂಬಿಕೆ ಅಲ್ಲಿನ ಅಭಿಮಾನಿಗಳಲ್ಲಿ ಸಾಕಷ್ಟಿದೆ. ಇದು ಎಷ್ಟು ಸರಿ?

1967ರಲ್ಲಿ ಜೋ ನೇಮತ್ 14 ಪಂದ್ಯಗಳಲ್ಲಿ 4,007 ಗಜ ಗಳಿಸಿದರು. ಒಂದೇ ಋತುವಿನಲ್ಲಿ ನಾಲ್ಕು ಸಾವಿರ ದಾಟಿದವರು ಅದುವರೆಗೆ ಯಾರೂ ಇರಲಿಲ್ಲ. 2013ರಲ್ಲಿ ಪೇಟನ್ ಮ್ಯಾನಿಂಗ್ 16 ಪಂದ್ಯಗಳಲ್ಲಿ ಗಳಿಸಿದ್ದು 5,477. ಹಾಗಾದರೆ ಮ್ಯಾನಿಂಗ್ ಅಷ್ಟು ದೊಡ್ಡ ಆಟಗಾರರೇ? ತೀರ್ಪು ಕೊಡುವ ಮೊದಲು 1978ನ್ನು ನೋಡಬೇಕು. ಅದಕ್ಕೂ ಮುಂಚೆ, ಚೆಂಡು ಹಿಡಿಯಲು ಓಡುವವನನ್ನು ರಕ್ಷಣಾ ಆಟಗಾರ ದಾರಿಯುದ್ದಕ್ಕೂ ತಳ್ಳಿ ಕಾಡಬಹುದಿತ್ತು. ಆ ವರ್ಷದಿಂದ ಮೊದಲ ಐದು ಗಜಗಳಾಚೆ ಅದು ತಪ್ಪಾಯಿತು. ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವವರು ಕೈ ಚಾಚಿ ಎದುರಾಳಿಯನ್ನು ತಡೆಯಲೂ ಅನುಮತಿ ಸಿಕ್ಕಿತು. ಪಂದ್ಯಗಳು 14ರಿಂದ 16ಕ್ಕೇರಿದವು (2021ರಿಂದ 17). ಆರೇ ವರ್ಷದಲ್ಲಿ, 1984ರಲ್ಲಿ, ಡ್ಯಾನ್ ಮರಿನೊ 5,084 ಗಜ ಮುಟ್ಟಿದರು. ಪ್ರತಿಭೆ ಅವರದೇ, ಆದರೆ ಬಾಗಿಲು ತೆರೆದದ್ದು ನಿಯಮ.

1973ರಲ್ಲಿ ಬಂದ ‘ಪಾಸರ್ ರೇಟಿಂಗ್’ ಎಂಬ ಅಳತೆಯೂ ಇದೇ ತೊಂದರೆಯಲ್ಲಿದೆ. ಅಂದಿನ ಸಾಧಾರಣ ಆಟಗಾರನಿಗೆ 66.7ರಷ್ಟು ಬರುವಂತೆ ಅದನ್ನು ರೂಪಿಸಲಾಗಿತ್ತು. ಈಗಿನ ಸರಾಸರಿ 90ರ ಆಸುಪಾಸು. ದಂತಕಥೆಯೇ ಆಗಿದ್ದ ಜಾನಿ ಯುನೈಟಸ್ ಅವರ ಜೀವಮಾನದ ರೇಟಿಂಗ್ 78.2. ಇಂದು ಅಷ್ಟೇ ಗಳಿಸಿದವನ ಜಾಗ ಬಹುಶಃ ಬೆಂಚು!

ಹಾಗಾಗಿ ಆಟಗಾರನನ್ನು ಅವನ ಕಾಲದವರ ಪಕ್ಕದಲ್ಲೇ ನಿಲ್ಲಿಸಿ ಅಳೆಯುವುದು ಹೆಚ್ಚು ನ್ಯಾಯ. 1945ರಲ್ಲಿ ಲೀಗ್‌ನ ಅರ್ಧದಷ್ಟು ಎಸೆತಗಳೂ ಗುರಿ ಮುಟ್ಟುತ್ತಿರಲಿಲ್ಲ. ಅದೇ ವರ್ಷ ಸ್ಯಾಮಿ ಬಾ ಅವರ ಎಸೆತಗಳಲ್ಲಿ 70.3% ಗುರಿ ಮುಟ್ಟಿದವು. ಆ ದಾಖಲೆ ಮುರಿಯಲು 37 ವರ್ಷ ಬೇಕಾಯಿತು. ಜನಪ್ರಿಯ ಪಟ್ಟಿಗಳಲ್ಲಿ ಬಾ ಅಷ್ಟೊಂದು ಕೆಳಗಿರುವುದು ನಮಗಂತೂ ಒಪ್ಪಿಗೆಯಿಲ್ಲ.

ಪ್ರಶಸ್ತಿ ಎಣಿಸೋಣವೇ? ಟಾಮ್ ಬ್ರೇಡಿ 23 ಋತುಗಳಲ್ಲಿ ಏಳು ಗೆದ್ದರು. ಆಟೊ ಗ್ರಹಾಂ ಹತ್ತೇ ಋತುಗಳಲ್ಲಿ ಏಳು ಗೆದ್ದರು, ಹತ್ತರಲ್ಲೂ ಫೈನಲ್ ಆಡಿದರು. ಆದರೆ ಅವುಗಳಲ್ಲಿ ನಾಲ್ಕು ಬೇರೊಂದು ಸಣ್ಣ ಲೀಗ್‌ನವು. ಬ್ರೇಡಿ ಎದುರಿಸಿದ್ದು ಮೂವತ್ತಕ್ಕೂ ಹೆಚ್ಚು ತಂಡಗಳ ಪೈಪೋಟಿ. ಎರಡೂ ಏಳೇ, ತೂಕ ಬೇರೆ.

ಸಮಕಾಲೀನರ ಜೊತೆಗಿನ ಹೋಲಿಕೆಗೂ ಸಿಗದ ಸಂಗತಿಯೊಂದಿದೆ. ಯುನೈಟಸ್ ಮುಂದಿನ ನಡೆಯನ್ನು ಮೈದಾನದಲ್ಲೇ, ತಾವೇ ನಿರ್ಧರಿಸುತ್ತಿದ್ದರು. 1994ರಿಂದ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನೊಳಗೆ ರೇಡಿಯೊ ಇದೆ, ಕೋಚ್ ಹೇಳುತ್ತಾರೆ, ಇವನು ಕೇಳಿಸಿಕೊಳ್ಳುತ್ತಾನೆ. ಆ ನಿರ್ಧಾರಗಳಿಗೆ ಅಂಕಿಪಟ್ಟಿಯಲ್ಲಿ ಕಾಲಮ್ಮೇ ಇಲ್ಲ.