ಊರೆಲ್ಲ ಕೂಡಿ ಬರೆಯುವ ಪತ್ರ

ಪ್ರಶ್ನೆ: ಮತ ಹಾಕಿ ಎಲ್ಲರೂ ಒಂದೇ ಮನವಿಯನ್ನು ಬರೆಯಬಹುದೇ? (ಓದುಗರೊಬ್ಬರು, ಜೋಯಿಡಾ)

ಉತ್ತರ: ಬರೆಯಬಹುದು, ನಿಮ್ಮ ಸೀಮೆಗೆ ಇದು ಹೊಸತೂ ಅಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳಂತೆ, ಹಳಿಯಾಳ, ಮುಂಡಗೋಡಗಳ ಸಿದ್ದಿಗಳಾಗಲಿ ಜೋಯಿಡಾದ ಕುಣಬಿಗಳಾಗಲಿ ತಮ್ಮ ಹಕ್ಕಿನ ನಿರ್ಣಯವನ್ನು ಅಂಗೀಕರಿಸಬೇಕಾದರೆ, ಗ್ರಾಮಸಭೆಯ ಅರ್ಧದಷ್ಟಾದರೂ ಸದಸ್ಯರು ನೆರೆದು, ನೆರೆದವರಲ್ಲಿ ಮೂರನೆಯ ಒಂದು ಪಾಲು ಸ್ತ್ರೀಯರಿದ್ದು, ಮತವಿತ್ತವರ ಬಹುಮತವು ದೊರೆಯತಕ್ಕದ್ದು. ಆದರೆ ಸಮಗ್ರ ಪತ್ರಕ್ಕೆ ಒಮ್ಮೆಗೇ ಮತ ಕೇಳಿದರೆ ಫಲ ಅತ್ಯಲ್ಪ. ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಿ, ‘ಹೊಳೆಯವರೆಗೆ’ ಎಂದರೆ ಸಾಲದು, ‘ಹೊಳೆದಂಡೆಯ ಮತ್ತಿಮರದವರೆಗೆ’ ಎಂದಾಗಬೇಕೆಂದು ವೃದ್ಧೆಯೊಬ್ಬರು ಸೂಚಿಸಿದರೆ, ಆ ತಿದ್ದುಪಡಿಗೇ ಕೈಯೆತ್ತಿಸಬೇಕು. ನಮ್ಮ ಸಂವಿಧಾನ ಸಭೆಯೂ ಹೀಗೆಯೇ 2,473 ತಿದ್ದುಪಡಿಗಳನ್ನು ವಿಚಾರಿಸಿ, 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸಿತು. ಲೇಖನಿ ಒಬ್ಬರ ಕೈಯಲ್ಲಿರಲಿ. ಸೋತ ಸೂಚನೆಯನ್ನೂ ನಡವಳಿ ಪುಸ್ತಕದಲ್ಲಿ ತಪ್ಪದೆ ಬರೆದಿಡಿರಿ.