‘ಓಂ’ ಮತ್ತು ಬೆಂಗಳೂರಿನ ಭೂಗತಲೋಕ

ಕನ್ನಡ ಚಲನಚಿತ್ರಗಳಿಗೆ ಅಪರಾಧದ ವಸ್ತು ಹೊಸತಲ್ಲ. ಆದರೆ ಬಹುಕಾಲದವರೆಗೆ ಅಪರಾಧಿಯು ನಾಯಕನ ಎದುರಾಳಿಯಾಗಿ, ಸಭ್ಯ ಸಂಸಾರದ ಹೊರಗಿನವನಾಗಿ ಬರುತ್ತಿದ್ದುದೇ ಹೆಚ್ಚು. 1995ರಲ್ಲಿ ತೆರೆಕಂಡ ‘ಓಂ’ ಈ ಗಡಿರೇಖೆಯನ್ನು ಅಳಿಸಿತು. ಅದರ ನಾಯಕ ಸತ್ಯ ಅರ್ಚಕರ ಮಗ. ಬೆಂಗಳೂರಿನ ರೌಡಿಯೂ ಅವನೇ.

‘ತರ್ಲೆ ನನ್ಮಗ’ (1992), ‘ಶ್!’ (1993) ಚಿತ್ರಗಳ ಅನಂತರ ಉಪೇಂದ್ರ ನಿರ್ದೇಶಿಸಿದ ಈ ಚಿತ್ರಕ್ಕೆ ಪಾರ್ವತಮ್ಮ ರಾಜ್‌ಕುಮಾರ್ ನಿರ್ಮಾಪಕರು. ಸಂಗೀತ ಹಂಸಲೇಖ ಅವರದು, ಛಾಯಾಗ್ರಹಣ ಬಿ.ಸಿ. ಗೌರೀಶಂಕರ್ ಅವರದು. ಸಾಂಸಾರಿಕ ಚಿತ್ರಗಳಿಗೆ ಹೆಸರಾದ ಮನೆತನವೊಂದು ಇಂಥ ವಸ್ತುವನ್ನು ಆರಿಸಿಕೊಂಡು, ಶಿವರಾಜ್‌ಕುಮಾರ್ ಅವರ ಕೈಗೆ ಮಚ್ಚು ಕೊಟ್ಟುದು ಅಂದಿಗೆ ಸಾಹಸವೇ ಸರಿ.

ಚಿತ್ರಕ್ಕೆ ಹಿನ್ನೆಲೆಯಾಗಿ ನಗರದ ನೈಜ ಚರಿತ್ರೆಯಿತ್ತು. ಕೊತ್ವಾಲ್ ರಾಮಚಂದ್ರ 1986ರಲ್ಲಿ, ಜಯರಾಜ್ 1989ರಲ್ಲಿ ಹತರಾಗಿದ್ದರು. ಅವರ ಹೆಸರುಗಳು ಜನರ ನೆನಪಿನಲ್ಲಿ ಹಸಿಯಾಗಿದ್ದವು. ನಿಜಜೀವನದ ಕೆಲವು ರೌಡಿಗಳೇ ಚಿತ್ರದಲ್ಲಿ ಕಾಣಿಸಿಕೊಂಡದ್ದರಿಂದ ಕಥೆಗೆ ದಾಖಲೆಯ ಬಿಸಿ ಒದಗಿತು.

ನಿರೂಪಣೆಯ ಕ್ರಮದಲ್ಲಿಯೇ ಚಿತ್ರದ ನೈತಿಕ ನಿಲುವು ಅಡಗಿದೆ. ಮಾಧುರಿಯನ್ನು (ಪ್ರೇಮಾ) ಬೆನ್ನಟ್ಟಿ ಕಾಡುವ ಕ್ರೂರಿಯಾಗಿ ಸತ್ಯ ಮೊದಲು ಎದುರಾಗುತ್ತಾನೆ. ಅವನು ಹಾಗಾದ ಬಗೆಯನ್ನು ಹಿನ್ನೋಟಗಳು ಬಳಿಕ ತಿಳಿಸುತ್ತವೆ. ಕೃತ್ಯವನ್ನು ಮೊದಲು, ಕಾರಣವನ್ನು ಅನಂತರ ಕಾಣುವ ಪ್ರೇಕ್ಷಕನು ತನ್ನ ತೀರ್ಪನ್ನು ತಾನೇ ತಿದ್ದಿಕೊಳ್ಳಬೇಕಾಗುತ್ತದೆ. ಶೀರ್ಷಿಕೆಯ ಪ್ರಣವಾಕ್ಷರವೂ ಬರಿಯ ಅಲಂಕಾರವಲ್ಲ. ಅದು ನಾಯಕನು ಕಳೆದುಕೊಂಡ ಮನೆಯನ್ನೂ ಅಲ್ಲಿಗೆ ಮರಳುವ ಹಂಬಲವನ್ನೂ ಸೂಚಿಸುತ್ತದೆ.

ಆದರೆ ಕಾರಣವನ್ನು ತಿಳಿಸುವುದಕ್ಕೂ ಕೃತ್ಯವನ್ನು ಮನ್ನಿಸುವುದಕ್ಕೂ ನಡುವಣ ಅಂತರ ಕಿರಿದು. ಹೆಣ್ಣಿನ ಮೇಲಿನ ಬಲಾತ್ಕಾರವನ್ನೂ ಪ್ರೇಮದ ಕಥೆಯೊಳಗೆ ಸೇರಿಸಿಕೊಳ್ಳುವಲ್ಲಿ ಚಿತ್ರವು ಈ ಅಂತರವನ್ನು ಕಾಯ್ದುಕೊಂಡಿಲ್ಲ. ಜನಪ್ರಿಯ ನಟನೊಬ್ಬನು ಹಿಡಿದ ಆಯುಧವು ಎಚ್ಚರಿಕೆಗಿಂತ ಮಿಗಿಲಾಗಿ ಆಕರ್ಷಣೆಯಾಗಿ ಉಳಿಯಿತೆಂಬುದೂ ನಿಜ.

ಐದುನೂರಕ್ಕೂ ಹೆಚ್ಚು ಸಲ ಮರುಬಿಡುಗಡೆಯಾಯಿತೆಂಬ ಖ್ಯಾತಿ ಈ ಚಿತ್ರದ್ದು. ತೆಲುಗಿನಲ್ಲಿ ‘ಓಂಕಾರಂ’ (1997), ಹಿಂದಿಯಲ್ಲಿ ‘ಅರ್ಜುನ್ ಪಂಡಿತ್’ (1999) ಎಂದು ಅದು ಮರುರೂಪ ಪಡೆಯಿತು. ಕನ್ನಡದಲ್ಲಿ ‘ಕರಿಯ’ (2003), ‘ಜೋಗಿ’ (2005) ಮೊದಲಾದವು ಅದೇ ಹಾದಿಯಲ್ಲಿ ನಡೆದವು. ‘ಆ ದಿನಗಳು’ (2007) ಅಗ್ನಿ ಶ್ರೀಧರ್ ಅವರ ಅನುಭವಕಥನವನ್ನು ಆಧರಿಸಿ, ಅದೇ ಲೋಕವನ್ನು ಅಬ್ಬರವಿಲ್ಲದೆ ನೋಡಿತು.

ಈ ಪರಂಪರೆಯ ಅನೇಕ ಚಿತ್ರಗಳು ‘ಓಂ’ನಿಂದ ಮಚ್ಚನ್ನು ಎತ್ತಿಕೊಂಡವು, ಅದನ್ನು ಹಿಡಿದವನ ಪಶ್ಚಾತ್ತಾಪವನ್ನು ಬಿಟ್ಟವು. ರೌಡಿಯೂ ಒಂದು ಮನೆಯ ಮಗನೆಂಬ ಅರಿವೇ ‘ಓಂ’ ಚಿತ್ರದ ನಿಜವಾದ ಕೊಡುಗೆ. ಅದರ ಪುನರ್ವಿಮರ್ಶೆಯು ಅಲ್ಲಿಂದಲೇ ಆರಂಭವಾಗಬೇಕು.