ಬಾಗುವ ಕಾಲಿನ ಕ್ಯಾಮರಾ ಸ್ಟ್ಯಾಂಡು

ವರ್ಷಕ್ಕೊಮ್ಮೆ ರಜೆ ಪಡೆದು ಊರಿಗೆ ಹೋಗಿ ಬಂದವರು ಅಲ್ಲಿ ತೆಗೆದ ಭಾವಚಿತ್ರಗಳನ್ನು ಒಮ್ಮೆ ಮುಂದಿಟ್ಟುಕೊಂಡು ನೋಡಬೇಕು. ತಾಯಿ, ತಮ್ಮ, ಅತ್ತಿಗೆ, ಅಂಗಳದ ಮಕ್ಕಳು, ಕೊಟ್ಟಿಗೆಯ ಕರು, ಎಲ್ಲರೂ ಅದರಲ್ಲಿರುತ್ತಾರೆ. ಇಲ್ಲದವನು ಒಬ್ಬನೇ, ಕ್ಯಾಮರಾ ಹಿಡಿದವನು. ಹದಿನಾರು ವರ್ಷ ನಾನು ಹೀಗೆಯೇ ಚಿತ್ರ ತೆಗೆದೆ. ತಂದೆಯವರು ತೀರಿಕೊಂಡ ಮೇಲೆ ಹುಡುಕಿದರೆ ಅವರ ಚಿತ್ರಗಳು ನೂರಾರು ಇದ್ದುವು. ಅವರೂ ನಾನೂ ಒಟ್ಟಿಗೆ ಇದ್ದುದು ನನ್ನ ಮದುವೆಯ ಚಿತ್ರ ಒಂದರಲ್ಲಿ ಮಾತ್ರ. ‘ಸೆಲ್ಫಿ ಇದೆಯಲ್ಲ’ ಎನ್ನುವಿರಿ. ಅದರಲ್ಲಿ ಮುಂದಿನವನ ಮುಖ ಕುಂಬಳಕಾಯಿಯಷ್ಟು, ಹಿಂದಿನವರದು ನಿಂಬೆಹಣ್ಣಿನಷ್ಟು. ಹನ್ನೆರಡು ಮಂದಿಯ ಮನೆ ಅದರಲ್ಲಿ ಹಿಡಿಸುವುದಿಲ್ಲ. ಕ್ಯಾಮರಾವನ್ನು ನಮಗಾಗಿ ಹಿಡಿದು ನಿಲ್ಲುವುದು ಒಂದು ಬೇಕು.

ಹಿಂದೆ ಊರ ಸ್ಟುಡಿಯೋಗಳಲ್ಲಿ ಮರದ ದೊಡ್ಡ ಮುಕ್ಕಾಲಿಯ ಮೇಲೆ ಕ್ಯಾಮರಾ ಇಟ್ಟು, ಕರಿಯ ಬಟ್ಟೆಯೊಳಗೆ ತಲೆ ಹಾಕಿ ಚಿತ್ರ ತೆಗೆಯುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಮೂರೇ ಕಾಲು ಏಕೆಂದರೆ, ನೆಲ ಎಷ್ಟೇ ಏರುಪೇರಾಗಿದ್ದರೂ ಮೂರು ಕಾಲಿನ ವಸ್ತು ಗಡಗಡ ಅಲುಗಾಡದು. ನಮ್ಮ ಒಲೆಯ ಮೂರು ಗುಂಡುಗಳ ಗುಟ್ಟೂ ಅದೇ. ಆದರೆ ಉದ್ದ ಕಾಲಿನ ಟ್ರೈಪಾಡನ್ನು ಟ್ರಂಕು, ಚೀಲ, ಮಕ್ಕಳೊಡನೆ ದಾದರಿನ ಗರ್ದಿಯಲ್ಲಿ ರೈಲಿಗೆ ಹತ್ತಿಸುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಈ ತೊಂದರೆಗೆ ಸಿಕ್ಕ ಉಪಾಯವೇ ಬಾಗುವ ಕಾಲಿನ ಚಿಕ್ಕ ಸ್ಟ್ಯಾಂಡು. ಅಮೆರಿಕದ ಜೋಬಿ ಕಂಪನಿ 2006ರಲ್ಲಿ ‘ಗೊರಿಲ್ಲಾಪಾಡ್’ ಎಂಬ ಹೆಸರಿನಿಂದ ಇದನ್ನು ಮಾರಾಟಕ್ಕೆ ತಂದಿತು. ಈಗ ಅದೇ ಮಾದರಿಯವು ಹತ್ತಾರು ಹೆಸರಿನಲ್ಲಿ ಬರುತ್ತವೆ. ಒಂದೊಂದು ಕಾಲೂ ಮಣಿಸರದಂತೆ ಗುಂಡು ಗುಂಡು ತುಂಡುಗಳಿಂದ ಆಗಿರುತ್ತದೆ. ಒಂದು ತುಂಡಿನ ಗುಂಡು ಮುಂದಿನ ತುಂಡಿನ ಬಟ್ಟಲಿನಲ್ಲಿ ಬಿಗಿಯಾಗಿ ಕೂತು, ತಿರುಗಿಸಿದ ಕಡೆಗೆ ತಿರುಗಿ ಅಲ್ಲಿಯೇ ನಿಲ್ಲುತ್ತದೆ. ಅದನ್ನು ನಿಲ್ಲಿಸಿರುವುದು ಘರ್ಷಣೆ ಒಂದೇ. ಕೊಳ್ಳುವಾಗ ಪರೀಕ್ಷಿಸಬೇಕಾದುದೂ ಅದನ್ನೇ.

ಇನ್ನೊಂದು ಜಾತಿ ಇದೆ: ಒಳಗೆ ತಂತಿ, ಮೇಲೆ ಸ್ಪಂಜು ಅಥವಾ ರಬ್ಬರು. ಬೆಲೆ ಕಡಿಮೆ, ತೂಕವೂ ಕಡಿಮೆ. ಆದರೆ ತಂತಿಯನ್ನು ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದರೆ ಒಂದು ದಿನ ಮುರಿಯುತ್ತದೆ. ಮೊಬೈಲಿಗೆ ಸಾಕು, ಕ್ಯಾಮರಾಕ್ಕೆ ಬೇಡ.

ನನ್ನ ಮೊದಲನೆಯ ಸ್ಟ್ಯಾಂಡನ್ನು ಯುಗಾದಿಗೆ ಮುಂಚೆ ಫುಟ್‌ಪಾತಿನಲ್ಲಿ ಕೊಂಡೆ. ಅಲ್ಲಿ ನೋಡಿದಾಗ ಚೆನ್ನಾಗಿಯೇ ನಿಂತಿತು. ಊರಲ್ಲಿ ಅದರ ಕಾಲುಗಳನ್ನು ಅಂಗಳದ ಗೇಟಿಗೆ ಸುತ್ತಿ, ಮೊಬೈಲು ಸಿಕ್ಕಿಸಿ, ಓಡಿ ಹೋಗಿ ಎಲ್ಲರ ನಡುವೆ ನಿಂತೆ. ಮೊಬೈಲು ನಮಗೆ ನಮಸ್ಕಾರ ಮಾಡುವಂತೆ ಮೆಲ್ಲಗೆ ತಲೆ ಬಾಗಿಸಿತು, ಹಾಗೆಯೇ ಕಲ್ಲಿನ ಮೇಲೆ ಬಿತ್ತು. ಬಂದ ಚಿತ್ರದಲ್ಲಿ ಇದ್ದುದು ಹದಿನಾಲ್ಕು ಜೊತೆ ಪಾದಗಳು. ಒಡೆದ ಗಾಜು ಹಾಕಿಸಲು ಸ್ಟ್ಯಾಂಡಿನ ಬೆಲೆಯ ನಾಲ್ಕರಷ್ಟು ತೆತ್ತೆ.

ಆದುದರಿಂದ ಅಂಗಡಿಗೆ ಹೋಗುವಾಗ ನಿಮ್ಮ ಕ್ಯಾಮರಾವನ್ನೇ ಒಯ್ಯಿರಿ. ಕೋಟೆ ಭಾಗದ ಕ್ಯಾಮರಾ ಅಂಗಡಿಗಳಲ್ಲಿ ಕೇಳಿದರೆ ಮೇಜಿನ ಮೇಲೆ ಇಟ್ಟು ನೋಡಲು ಬಿಡುತ್ತಾರೆ. ನಿಲ್ಲಿಸಿದೊಡನೆ ‘ಸರಿ’ ಎನ್ನಬೇಡಿರಿ. ಕ್ಯಾಮರಾದ ಮುಖವನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿ ಎರಡು ನಿಮಿಷ ಸುಮ್ಮನೆ ನೋಡಿರಿ. ಸಡಿಲವಿದ್ದುದು ಅಷ್ಟರಲ್ಲಿ ಜಗ್ಗುತ್ತದೆ. ಕಾಲನ್ನು ಕುರ್ಚಿಯ ಬೆನ್ನಿಗೆ ಸುತ್ತಿಯೂ ನೋಡಿರಿ. ತುಂಡುಗಳ ಸುತ್ತ ಮತ್ತು ಪಾದದಲ್ಲಿ ರಬ್ಬರು ಇದ್ದರೆ ನಯವಾದ ಕಬ್ಬಿಣದ ಮೇಲೂ ಜಾರದು.

ಡಬ್ಬಿಯ ಮೇಲೆ ಇಷ್ಟು ಭಾರ ಹೊರುತ್ತದೆ ಎಂದು ಬರೆದಿರುತ್ತಾರೆ. ಗೊರಿಲ್ಲಾಪಾಡಿನ 1ಕೆ, 3ಕೆ, 5ಕೆ ಎಂಬ ಗುರುತುಗಳು ಅಷ್ಟಷ್ಟು ಕಿಲೋ ಎಂಬುದನ್ನೇ ಹೇಳುತ್ತವೆ. ಆ ಲೆಕ್ಕವನ್ನು ಪೂರ್ತಿ ನಂಬಿ ಅಂಚಿನವರೆಗೆ ಹೋಗಬಾರದು. ನಿಮ್ಮ ಕ್ಯಾಮರಾ ಮತ್ತು ಲೆನ್ಸಿನ ತೂಕದ ಎರಡರಷ್ಟು ಹೊರುವುದನ್ನು ಕೊಳ್ಳುವುದು ಲೇಸೆಂದು ನನ್ನ ಮತ. ತುಂಬಿದ ಕೊಡ ಸೊಂಟದ ಮೇಲಿದ್ದರೆ ನಡೆದು ಬರಬಹುದು, ಅದನ್ನೇ ಕೈ ಚಾಚಿ ಹಿಡಿದರೆ ನಾಲ್ಕು ಹೆಜ್ಜೆ ಇಡಲಾಗದು. ಉದ್ದ ಲೆನ್ಸು ಮುಂದಕ್ಕೆ ಚಾಚಿದಾಗ ಸ್ಟ್ಯಾಂಡಿನ ಕೀಲುಗಳಿಗೆ ಆಗುವುದೂ ಇದೇ. ಅಂಥಾಗ ಒಂದು ಕಾಲನ್ನು ಲೆನ್ಸಿನ ನೇರ ಕೆಳಗೆ ಬರುವಂತೆ ಇಡಬೇಕು. ಮೊಬೈಲು ಸುಮಾರು 200 ಗ್ರಾಂ ಮಾತ್ರ. ಅದಕ್ಕೆ 5 ಕಿಲೋದ ಸ್ಟ್ಯಾಂಡು ಕೊಂಡು ಚೀಲದ ಭಾರ ಹೆಚ್ಚಿಸಿಕೊಳ್ಳುವುದು ದುಂದು.

ಕ್ಯಾಮರಾದ ತಳದಲ್ಲಿ ಕಾಲು ಇಂಚಿನ ಸ್ಕ್ರೂ ಕೂರುವ ತೂತು ಇರುತ್ತದೆ. ಈ ಅಳತೆ ಎಲ್ಲ ದೇಶಗಳಲ್ಲೂ ಒಂದೇ, ಚಿಂತೆಯಿಲ್ಲ. ಮೊಬೈಲಿಗೆ ಆ ತೂತಿಲ್ಲದ ಕಾರಣ ಹಿಡಿಕೆ ಬೇರೆ ಬೇಕು. ಅದು ನಿಮ್ಮ ಮೊಬೈಲನ್ನು ಕವರಿನ ಸಮೇತ ಹಿಡಿಯುತ್ತದೆಯೇ, ಪಕ್ಕದ ಗುಂಡಿಗಳನ್ನು ಒತ್ತುತ್ತದೆಯೇ ಎಂದು ನೋಡಿಕೊಳ್ಳಿರಿ. ಗುಂಡಿ ಒತ್ತಿಕೊಂಡರೆ ಫೋಟೋದ ಹೊತ್ತಿಗೆ ಸರಿಯಾಗಿ ಪರದೆ ಆರಿಹೋಗುತ್ತದೆ.

ಈ ಸ್ಟ್ಯಾಂಡಿನ ದೊಡ್ಡ ಕೊರತೆ ಎತ್ತರ. ಅದು ಸುಮಾರು ಒಂದು ಅಡಿಯಷ್ಟೇ. ನೆಲದ ಮೇಲಿಟ್ಟರೆ ಎಲ್ಲರ ಗಲ್ಲ, ಮೂಗಿನ ಹೊಳ್ಳೆ ಕಾಣುತ್ತವೆ. ಆದರೆ ಊರಮನೆಯಲ್ಲಿ ಕಾಲು ಸುತ್ತಲು ಜಾಗಕ್ಕೆ ಬರವಿಲ್ಲ: ಕಿಟಕಿಯ ಸರಳು, ಕಟ್ಟೆಯ ಬೇವಿನ ಕೊಂಬೆ, ಸೈಕಲ್ಲಿನ ಹ್ಯಾಂಡಲ್ಲು. ಕುಳಿತವರ ಎದೆಯ ಮಟ್ಟಕ್ಕೆ ಬಂದರೆ ಸಾಕು. ಸಂಜೆ ದೇವರ ಮನೆಯ ದೀಪದ ಬೆಳಕಿನಲ್ಲಿ ಇದರ ಉಪಯೋಗ ಇನ್ನೂ ಹೆಚ್ಚು. ಸಾಮಾನ್ಯ ಲೆನ್ಸಿನಲ್ಲಿ ಸೆಕೆಂಡಿನ 1/60 ಭಾಗದವರೆಗೆ ಕೈ ನಂಬಬಹುದು; ದೀಪದ ಬೆಳಕಿಗೆ ಕಾಲು, ಅರ್ಧ ಸೆಕೆಂಡು ಬೇಕಾದೀತು, ಅಷ್ಟು ಹೊತ್ತು ಕೈ ನಡುಗದಿರದು. ಆಗ ಬೆರಳಿನಿಂದ ಒತ್ತುವುದೂ ಅಲುಗಾಟವೇ. 2 ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆಯಿರಿ.

ರೈಲಿನ ಕಿಟಕಿಯ ಸರಳಿಗೆ ಕಟ್ಟಿ ಹೊರಗಿನ ಹೊಲಗದ್ದೆಗಳ ಚಿತ್ರ ತೆಗೆಯುವ ಆಸೆ ಬೇಡ. ಬೋಗಿಯ ನಡುಕವೆಲ್ಲ ಸರಳಿನಿಂದ ಕ್ಯಾಮರಾಕ್ಕೆ ಏರುತ್ತದೆ. ಅಲ್ಲಿ ನಮ್ಮ ಕೈಯೇ ಮೇಲು. ಹಂಪಿ, ಬಾದಾಮಿ, ಪಟ್ಟದಕಲ್ಲುಗಳಲ್ಲಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳ ಬಳಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಪಡೆಯಬೇಕು. ಗಿಡ್ಡದಾದರೂ ಇದೂ ಟ್ರೈಪಾಡೇ.

ಕುಟುಂಬದ ಚಿತ್ರಕ್ಕೆ 10 ಸೆಕೆಂಡಿನ ಟೈಮರ್ ಇಡಿರಿ. ಪಂಚೆ ಉಟ್ಟವರೂ ಓಡದೆ ನಡೆದು ಹೋಗಿ ಸೇರುವಷ್ಟು ಸಮಯ ಅದು. ನಿಮ್ಮ ಜಾಗವನ್ನು ಮೊದಲೇ ಖಾಲಿ ಬಿಡಿಸಿರಿ, ಸಾಲಿನ ತುದಿಯಲ್ಲಿ ಅಲ್ಲ, ತಾಯಿಯ ಪಕ್ಕದಲ್ಲಿ. ಒಂದೇ ಚಿತ್ರಕ್ಕೆ ನಿಲ್ಲಿಸದೆ ಐದಾರು ತೆಗೆಯಿರಿ. ಹನ್ನೆರಡು ಮಂದಿಯಲ್ಲಿ ಯಾರಾದರೂ ಒಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ.